ಪೈಪ್ ಮತ್ತು ಮರದ ಬಾತ್‌ರೂಮ್ ಶೆಲ್ಫ್ ಮನೆಯಲ್ಲೇ ಮಾಡಬಹುದೇ? ಫಾರ್ವರ್ಡ್ ವಿಡಿಯೋ ಹೇಳದ ಸಂಗತಿಗಳು

"ನಾಲ್ಕು ಪೈಪು, ಎರಡು ಹಲಗೆ, ಒಂದು ಡ್ರಿಲ್. ಹತ್ತೇ ನಿಮಿಷದಲ್ಲಿ ನಿಮ್ಮ ಬಾತ್‌ರೂಮ್‌ಗೆ ಹೋಟೆಲ್ ಲುಕ್!" ಇಂಥ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೋಡಲು ಚೆಂದ. ಅಂಗಡಿಯ ಶೆಲ್ಫ್‌ಗಿಂತ ಅಗ್ಗ ಅನ್ನಿಸುತ್ತದೆ. ಅದರ ಜೊತೆಗೆ ಒಂದಷ್ಟು ಭರವಸೆಯ ಮಾತುಗಳೂ ಬರುತ್ತವೆ: "ಜಿಐ ಪೈಪ್ ಯಾವತ್ತೂ ತುಕ್ಕು ಹಿಡಿಯಲ್ಲ", "ವಾಟರ್‌ಪ್ರೂಫ್ ಪ್ಲೈವುಡ್ ಹಾಕಿ, ಚಿಂತೆ ಬಿಡಿ", "ಮ್ಯಾಗ್ನೆಟ್ ಅಂಟದಿದ್ದರೆ ಅದು ಒರಿಜಿನಲ್ ಸ್ಟೀಲ್".

ಇವುಗಳಲ್ಲಿ ಎಷ್ಟು ನಿಜ? ಮನೆಯಲ್ಲೇ ಮಾಡುವುದಾದರೆ ಹೇಗೆ ಮಾಡಬೇಕು? ಎಲ್ಲಿ ಎಚ್ಚರ ತಪ್ಪಿದರೆ ಅಪಾಯ? ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಮೊದಲೇ ಸಾರಾಂಶ ಹೇಳಿಬಿಡುತ್ತೇವೆ. ಇಂಥ ಶೆಲ್ಫ್ ಖಂಡಿತ ಮಾಡಬಹುದು, ಖರ್ಚೂ ಉಳಿಯುತ್ತದೆ. ಆದರೆ ಶೆಲ್ಫ್ ಬೀಳುವುದು ಪೈಪ್ ಮುರಿದು ಅಲ್ಲ, ಗೋಡೆಯ ಸ್ಕ್ರೂ ಕಿತ್ತು ಬಂದು. ಶೆಲ್ಫ್ ಹಾಳಾಗುವುದು ನೀರು ಬಿದ್ದದ್ದಕ್ಕಲ್ಲ, ನೀರು ಅಲ್ಲೇ ನಿಂತದ್ದಕ್ಕೆ. ಈ ಎರಡು ಮಾತು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ನಂಬಿಕೆ 1: "ಜಿಐ ಪೈಪ್ ತುಕ್ಕು ಹಿಡಿಯುವುದೇ ಇಲ್ಲ"

ಇದು ಅರ್ಧ ಸತ್ಯ.

ಜಿಐ ಪೈಪ್ ಅಂದರೆ ಮೇಲೆ ಸತುವಿನ ಲೇಪ ಇರುವ ಉಕ್ಕಿನ ಪೈಪ್. ಉಕ್ಕನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಈ ಲೇಪ ಎರಡು ಕೆಲಸ ಮಾಡುತ್ತದೆ. ಒಂದು, ನೀರು ಮತ್ತು ಗಾಳಿ ಉಕ್ಕನ್ನು ಮುಟ್ಟದ ಹಾಗೆ ತಡೆಯುತ್ತದೆ. ಎರಡು, ಸಣ್ಣ ಗೀರು ಬಿದ್ದರೂ ಉಕ್ಕಿಗಿಂತ ಮೊದಲು ಸತುವೇ ಸವೆದು ಉಕ್ಕನ್ನು ಉಳಿಸುತ್ತದೆ.

ಆದರೆ ಪೈಪ್ ಕತ್ತರಿಸಿ ತುದಿಗೆ ಥ್ರೆಡ್ ಹಾಕಿದಾಗ ಏನಾಗುತ್ತದೆ? ಆ ಜಾಗದ ಸತು ಹೆರೆದು ಹೋಗಿ ಬರಿಯ ಉಕ್ಕು ಹೊರಗೆ ಬರುತ್ತದೆ. ಅದಕ್ಕೇ ಜಿಐ ಪೈಪಿನ ತುಕ್ಕು ಸಾಮಾನ್ಯವಾಗಿ ನಡುವಿನಲ್ಲಿ ಅಲ್ಲ, ಜೋಡಣೆಯ ಬಾಯಲ್ಲಿ ಶುರುವಾಗುತ್ತದೆ. ಎಲ್ಬೋ ಸುತ್ತ ಕಂದು ಬಣ್ಣದ ಗೆರೆ ಇಳಿದಿದ್ದರೆ ಕಾರಣ ಇದೇ.

ಪರಿಹಾರ ಸುಲಭ. ಪೇಂಟ್ ಅಂಗಡಿಯಲ್ಲಿ ಸತುವಿನ ಪುಡಿ ಬೆರೆಸಿದ ಜಿಂಕ್ ಪೇಂಟ್ ಅಥವಾ ಸ್ಪ್ರೇ ಸಿಗುತ್ತದೆ. ಥ್ರೆಡ್ ಹಾಕಿದಾಗಿನ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಬಿಗಿದ ಮೇಲೆ ಹೊರಗೆ ಕಾಣುವ ಥ್ರೆಡ್‌ಗೆ ಇದನ್ನು ಎರಡು ಸಲ ಹಚ್ಚಿದರೆ ಸಾಕು.

ಇನ್ನೊಂದು ವಿಷಯ. ಹೊಸ ಜಿಐ ಪೈಪಿನ ಮೇಲೆ ನೇರವಾಗಿ ಸಾಮಾನ್ಯ ಎನಾಮೆಲ್ ಪೇಂಟ್ ಬಳಿಯಬೇಡಿ. ಪೇಂಟಿನಲ್ಲಿರುವ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸೋಪಿನಂಥ ತೆಳು ಪದರವಾಗುತ್ತದೆ. ಕೆಲವು ಕಾಲದ ನಂತರ ಪೇಂಟ್ ಹಾಳೆ ಹಾಳೆಯಾಗಿ ಏಳುತ್ತದೆ. ಕಪ್ಪು ಬಣ್ಣವೇ ಬೇಕು ಅಂದರೆ ಜಿಐಗೆ ಹೊಂದುವ ಪ್ರೈಮರ್ ಕೊಡಿ ಎಂದು ಅಂಗಡಿಯಲ್ಲಿ ಕೇಳಿ, ಅದನ್ನು ಹಚ್ಚಿದ ಮೇಲೆ ಬಣ್ಣ ಬಳಿಯಿರಿ.

ನಂಬಿಕೆ 2: "ಮ್ಯಾಗ್ನೆಟ್ ಅಂಟದಿದ್ದರೆ ಅದೇ ಅಸಲಿ ಸ್ಟೀಲ್"

ಇದು ತಪ್ಪು.

ಜಿಐ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕೋಣ ಅನ್ನುವವರು ಅಂಗಡಿಗೆ ಮ್ಯಾಗ್ನೆಟ್ ಹಿಡಿದುಕೊಂಡು ಹೋಗುವುದುಂಟು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 202 ಮತ್ತು 304 ಎಂಬ ಎರಡು ಗ್ರೇಡ್. 304ರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅದಕ್ಕೇ ಅದು ಅಗ್ಗ, ಒದ್ದೆ ಜಾಗದಲ್ಲಿ ಬೇಗ ಕಲೆ ಬೀಳುವುದೂ ಅದಕ್ಕೇ.

ಸಮಸ್ಯೆ ಏನೆಂದರೆ, 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ ಇವೆರಡರ ವ್ಯತ್ಯಾಸ ಹೇಳಲಾರದು. ಅಷ್ಟೇ ಅಲ್ಲ, ಬಗ್ಗಿಸಿದ ಜಾಗದಲ್ಲಿ 304 ಕೂಡ ಮ್ಯಾಗ್ನೆಟ್ಟನ್ನು ಸ್ವಲ್ಪ ಎಳೆಯಬಹುದು. 430 ಎಂಬ ಗ್ರೇಡ್ ಸ್ಟೇನ್‌ಲೆಸ್ ಸ್ಟೀಲೇ ಆದರೂ ಅದಕ್ಕೆ ಮ್ಯಾಗ್ನೆಟ್ ಚೆನ್ನಾಗಿ ಅಂಟುತ್ತದೆ. ಪೈಪಿನ ಮೇಲಿನ ಗ್ರೇಡ್ ಮುದ್ರೆ ನೋಡಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಅದೇ ಸರಿಯಾದ ದಾರಿ.

ಕಾರವಾರ, ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಗಾಳಿಯಲ್ಲೇ ಉಪ್ಪಿನ ಅಂಶ ಇರುತ್ತದೆ. ಅಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ನಂಬಿಕೆ 3: "ವಾಟರ್‌ಪ್ರೂಫ್ ಪ್ಲೈವುಡ್‌ಗೆ ನೀರು ಏನೂ ಮಾಡಲ್ಲ"

ಪ್ಲೈವುಡ್ ಮೇಲೆ ಎಂಆರ್ ಎಂದು ಬರೆದಿದ್ದರೆ ಅದು ತೇವಾಂಶವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಎಂದಷ್ಟೇ ಅರ್ಥ. ಅದು ಹಾಲ್, ಬೆಡ್‌ರೂಮಿನ ಕೆಲಸಕ್ಕೆ. ಬಚ್ಚಲಿಗೆ ಅಲ್ಲ. ಬಚ್ಚಲಿಗೆ ಬೇಕಾದದ್ದು ಐಎಸ್ 710 ಮುದ್ರೆ ಇರುವ, ಮರೀನ್ ಎಂದು ಕರೆಯುವ ಪ್ಲೈವುಡ್. ಇದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ.

ಗಮನಿಸಿ, ಈ ಪರೀಕ್ಷೆ ಗೆಲ್ಲುವುದು ಅಂಟು. ಪದರಗಳು ಬಿಡುವುದಿಲ್ಲ, ನಿಜ. ಆದರೆ ಒಳಗಿರುವುದು ಮರವೇ. ಕತ್ತರಿಸಿದ ಅಂಚನ್ನು ಹಾಗೇ ಬಿಟ್ಟರೆ ಅದು ನೀರು ಕುಡಿಯುತ್ತದೆ.

ನಂಬಿಕೆ 4: "ತೇಗ ಹಾಕಿದರೆ ಕೊಳೆಯುವುದೇ ಇಲ್ಲ"

ತೇಗದ ಒಳಗಿನ ಕಂದು ಭಾಗ, ಅಂದರೆ ಚೇಗು, ನಿಜಕ್ಕೂ ಗಟ್ಟಿ. ಅದರಲ್ಲಿರುವ ಎಣ್ಣೆಯಂಥ ವಸ್ತುಗಳು ಶಿಲೀಂಧ್ರ ಮತ್ತು ಗೆದ್ದಲನ್ನು ದೂರ ಇಡುತ್ತವೆ. ಆದರೆ ಅದೇ ಮರದ ಹೊರಗಿನ ಬಿಳಿಚಿದ ಭಾಗಕ್ಕೆ ಈ ಗುಣ ಇಲ್ಲ. ಅಗ್ಗಕ್ಕೆ ಸಿಗುವ ತೇಗದ ತುಂಡುಗಳಲ್ಲಿ ಈ ಬಿಳಿ ಭಾಗ ಇರುವ ಸಾಧ್ಯತೆ ಹೆಚ್ಚು. ಕೊಳ್ಳುವಾಗ ತುದಿ ನೋಡಿ, ಪೂರ್ತಿ ಕಂದು ಇರುವುದನ್ನೇ ಆರಿಸಿ.

ಮರ ಯಾಕೆ ಕೊಳೆಯುತ್ತದೆ ಎಂಬುದನ್ನೂ ತಿಳಿದುಕೊಳ್ಳೋಣ. ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ಬದುಕಲು ಮರದಲ್ಲಿ ಸುಮಾರು 20 ಶೇಕಡಕ್ಕಿಂತ ಹೆಚ್ಚು ತೇವ ಬೇಕು. ಸ್ನಾನದ ನಂತರ ಒಂದೆರಡು ಗಂಟೆಯಲ್ಲಿ ಒಣಗುವ ಹಲಗೆಗೆ ಶಿಲೀಂಧ್ರದ ಭಯ ಕಡಿಮೆ. ದಿನವಿಡೀ ಒದ್ದೆಯಾಗೇ ಇರುವ ಹಲಗೆಗೆ ಹೆಚ್ಚು. ಹಾಗಾಗಿ ದುಬಾರಿ ಮರಕ್ಕಿಂತ ಬೇಗ ಒಣಗುವ ವಿನ್ಯಾಸ ಮುಖ್ಯ.

ಕಡಿಮೆ ಖರ್ಚಿಗೆ ಇನ್ನೊಂದು ದಾರಿ, ಕೈಗಾರಿಕಾ ಪ್ರದೇಶಗಳ ಹತ್ತಿರ, ಗುಜರಿ ಅಂಗಡಿಗಳಲ್ಲಿ ಸಿಗುವ ಪ್ಯಾಕಿಂಗ್ ಪ್ಯಾಲೆಟ್ ಮರ. ವಿದೇಶಕ್ಕೆ ಹೋಗಿಬರುವ ಪ್ಯಾಲೆಟ್ ಮೇಲೆ ಸುಟ್ಟಂತೆ ಒತ್ತಿದ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಹುಳ ಸಾಯುವಂತೆ ಮರವನ್ನು ಬಿಸಿ ಮಾಡಿದ್ದಾರೆ ಎಂದರ್ಥ, ಅಂದರೆ ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವ ಹಾಗೆ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟಿದ್ದಾರೆ ಎಂದರ್ಥ. ಎಂಬಿ ಮುದ್ರೆಯದ್ದು, ಎಣ್ಣೆ ಅಥವಾ ರಾಸಾಯನಿಕದ ಕಲೆ ಇರುವುದು ಮನೆಗೆ ಬೇಡ. ಎಚ್‌ಟಿ ಮರವೂ ನೀರಿಗೆ ಜಗ್ಗದ ಮರ ಅಲ್ಲ ಎಂಬುದು ನೆನಪಿರಲಿ. ಅದಕ್ಕೆ ವಾರ್ನಿಷ್ ಬೇಕೇ ಬೇಕು.

ನಂಬಿಕೆ 5: "ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು, ವಾರ್ನಿಷ್ ಬೇಡ"

ಕೊಬ್ಬರಿ ಎಣ್ಣೆ ಒಣಗಿ ಗಟ್ಟಿಯಾಗುವ ಎಣ್ಣೆ ಅಲ್ಲ. ಹಚ್ಚಿದ ದಿನ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಜಿಗುಟಾಗುತ್ತದೆ, ಸೋಪು ನೀರು ತಗುಲಿದರೆ ಹೋಗಿಬಿಡುತ್ತದೆ. ಕರಾವಳಿಯಲ್ಲಿ ದೋಣಿಗೆ, ಮರಮುಟ್ಟಿಗೆ ಹಚ್ಚುವ ಗೇರೆಣ್ಣೆ ಬೇರೆ, ಅದು ಗಟ್ಟಿ ಪದರವಾಗುತ್ತದೆ. ಆದರೆ ಹಸಿ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಬರಿ ಮೈಯಲ್ಲಿ ಓಡಾಡುವ ಬಚ್ಚಲಿಗೆ ಅದು ಸೂಕ್ತ ಅಲ್ಲ.

ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಬಳಸಬಹುದು. ಆದರೆ ಒಂದು ಗಂಭೀರ ಎಚ್ಚರಿಕೆ: ಅಗಸೆ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಸುಲಭದ ದಾರಿ ಪಿಯು ವಾರ್ನಿಷ್. ಹಲಗೆಯ ಆರೂ ಬದಿಗೆ ಮೂರು ಸಲ, ಪ್ರತಿ ಸಲವೂ ಒಣಗಿದ ಮೇಲೆ ನಯವಾದ ಮರಳುಕಾಗದ ಉಜ್ಜಿ ಹಚ್ಚಿ. ಹಲಗೆಯ ಎರಡು ತುದಿಗಳಿಗೆ ಇನ್ನೊಂದು ಸಲ ಹೆಚ್ಚು ಹಚ್ಚಿ. ಮರದ ನಾರುಗಳು ಸಣ್ಣ ಕೊಳವೆಗಳ ಕಂತೆಯ ಹಾಗೆ. ತುದಿಯಲ್ಲಿ ಆ ಕೊಳವೆಗಳ ಬಾಯಿ ತೆರೆದಿರುತ್ತದೆ. ಮರ ನೀರು ಕುಡಿಯುವುದು ಹೆಚ್ಚಾಗಿ ಅಲ್ಲಿಂದಲೇ. ಸ್ಕ್ರೂ ತೂತಿನ ಒಳಗೂ ಒಂದು ಹನಿ ವಾರ್ನಿಷ್ ಬಿಡಿ.

ಶೆಲ್ಫ್ ಬೀಳುವುದು ಯಾಕೆ? ಮೊಳೆ ಕೀಳುವ ಸುತ್ತಿಗೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಡಿಯೋಗಳಲ್ಲಿ ಗೋಡೆಗೆ ಒಂದು ಫ್ಲೇಂಜ್, ಅದಕ್ಕೆ ಒಂದು ಪೈಪ್ ತುಂಡು, ಅದರ ಮೇಲೆ ಹಲಗೆ ಇಡುತ್ತಾರೆ. ಅಷ್ಟು ದಪ್ಪ ಪೈಪು, ಎಷ್ಟು ಭಾರ ಬೇಕಾದರೂ ಹೊರುತ್ತದೆ ಅನ್ನಿಸುತ್ತದೆ. ಪೈಪೇನೋ ಹೊರುತ್ತದೆ. ಸ್ಕ್ರೂ?

ಗೋಡೆಯಿಂದ ಮೊಳೆ ಕೀಳುವ ಸುತ್ತಿಗೆಯನ್ನು ನೆನಪಿಸಿಕೊಳ್ಳಿ. ಹಿಡಿ ಉದ್ದ ಇದ್ದಷ್ಟೂ ಮೊಳೆ ಸುಲಭವಾಗಿ ಬರುತ್ತದೆ. ಶೆಲ್ಫ್‌ನಲ್ಲಿ ಪೈಪೇ ಆ ಹಿಡಿ, ಫ್ಲೇಂಜಿನ ಕೆಳ ಅಂಚು ಆನಿಕೆ, ಮೇಲಿನ ಸ್ಕ್ರೂ ಮೊಳೆ.

ಲೆಕ್ಕ ಮಾಡೋಣ. ಶೆಲ್ಫ್ ಗೋಡೆಯಿಂದ 15 ಸೆಂಟಿಮೀಟರ್ ಮುಂದೆ ಚಾಚಿದೆ. ಒಂದು ಪೈಪಿನ ತುದಿಯಲ್ಲಿ 5 ಕೆಜಿ ಭಾರ ಇದೆ. ಫ್ಲೇಂಜಿನ ಕೆಳ ಅಂಚಿನಿಂದ ಮೇಲಿನ ಸ್ಕ್ರೂಗೆ 5 ಸೆಂಟಿಮೀಟರ್. 5 ಕೆಜಿಯನ್ನು 15ರಿಂದ ಗುಣಿಸಿ 5ರಿಂದ ಭಾಗಿಸಿದರೆ 15 ಕೆಜಿ. ಅಂದರೆ 5 ಕೆಜಿ ಇಟ್ಟರೆ ಮೇಲಿನ ಸ್ಕ್ರೂಗಳನ್ನು 15 ಕೆಜಿ ಬಲ ಹೊರಗೆ ಎಳೆಯುತ್ತದೆ. 15 ಕೆಜಿ ತೂಕದ ಮಗು ಆ ಪೈಪ್ ಹಿಡಿದು ಜೋತುಬಿದ್ದರೆ ಎಳೆತ 45 ಕೆಜಿ. ಶೆಲ್ಫ್ ಆಳ 30 ಸೆಂಟಿಮೀಟರ್ ಮಾಡಿದರೆ ಇದೆಲ್ಲ ಎರಡು ಪಟ್ಟು.

ಈಗ ವಿನ್ಯಾಸ ಸ್ವಲ್ಪ ಬದಲಿಸೋಣ. ಒಂದರ ಮೇಲೊಂದು, 40 ಸೆಂಟಿಮೀಟರ್ ಅಂತರದಲ್ಲಿ ಎರಡು ಫ್ಲೇಂಜ್ ಹಾಕಿ, ಎರಡೂ ಅಡ್ಡ ಪೈಪುಗಳನ್ನು ಮುಂದೆ ಒಂದು ನೇರ ಪೈಪಿನಿಂದ ಸೇರಿಸಿ. ಬದಿಯಿಂದ ನೋಡಿದರೆ ಚೌಕಾಕಾರ. ಈಗ ಆನಿಕೆ ಕೆಳಗಿನ ಫ್ಲೇಂಜ್. ಅದೇ 5 ಕೆಜಿಯನ್ನು 15ರಿಂದ ಗುಣಿಸಿ 40ರಿಂದ ಭಾಗಿಸಿ. ಎಳೆತ ಸುಮಾರು 2 ಕೆಜಿ ಮಾತ್ರ! ಮಗು ಜೋತುಬಿದ್ದರೂ 6 ಕೆಜಿ ದಾಟುವುದಿಲ್ಲ. ಅದೇ ಪೈಪು, ಅದೇ ಸ್ಕ್ರೂ, ಎರಡು ಎಲ್ಬೋ ಹೆಚ್ಚು. ಎರಡು ಅಂತಸ್ತಿನ ಶೆಲ್ಫೂ ಸಿಗುತ್ತದೆ.

ಹಾಗಂತ ಮಕ್ಕಳು ಜೋತಾಡಲು ಬಿಡಿ ಎಂದಲ್ಲ. ಆಕಸ್ಮಿಕವಾಗಿ ಯಾರಾದರೂ ಜಾರಿ ಅದನ್ನೇ ಹಿಡಿದುಕೊಂಡಾಗ ತಲೆ ಮೇಲೆ ಬೀಳಬಾರದು, ಅಷ್ಟೆ. ಹಿರಿಯರಿಗೆ ಹಿಡಿದು ಏಳಲು ಆಸರೆ ಬೇಕಿದ್ದರೆ ಅದಕ್ಕೆಂದೇ ಮಾಡಿದ ಹಿಡಿಯನ್ನು ಬೇರೆಯಾಗಿ ಹಾಕಿಸಿ. ಶೆಲ್ಫನ್ನು ಅದಕ್ಕೆ ನಂಬಬೇಡಿ.

ಏನೇನು ಬೇಕು?

ಎರಡು ಅಂತಸ್ತಿನ ಒಂದು ಶೆಲ್ಫ್‌ಗೆ:

- ಅರ್ಧ ಇಂಚಿನ ಜಿಐ ನಿಪ್ಪಲ್, 6 ಇಂಚು ಉದ್ದದ್ದು: 4
- ಅರ್ಧ ಇಂಚಿನ ಜಿಐ ಪೈಪ್, ಎರಡೂ ತುದಿಗೆ ಥ್ರೆಡ್ ಹಾಕಿದ 16 ಇಂಚಿನ ತುಂಡು: 2
- ಎಲ್ಬೋ: 4
- ಫ್ಲೋರ್ ಫ್ಲೇಂಜ್: 4
- ಹಲಗೆ, ಸುಮಾರು 13 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದ, 19 ಮಿಲಿಮೀಟರ್ ದಪ್ಪ: 2
- ಪೈಪ್ ಕ್ಲಾಂಪ್: 4, ಅದಕ್ಕೆ ಸಣ್ಣ ಸ್ಟೇನ್‌ಲೆಸ್ ಸ್ಕ್ರೂ
- 8 ಮಿಲಿಮೀಟರ್ ನೈಲಾನ್ ಪ್ಲಗ್, ಅದಕ್ಕೆ ಹೊಂದುವ 60ರಿಂದ 75 ಮಿಲಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಕ್ರೂ: ಫ್ಲೇಂಜಿನ ತೂತುಗಳಷ್ಟು
- ಪಿಯು ವಾರ್ನಿಷ್, ಜಿಂಕ್ ಪೇಂಟ್, ಸಿಲಿಕೋನ್ ಸೀಲೆಂಟ್

ಅರ್ಧ ಇಂಚು ಪೈಪ್ ಅಂದರೆ ಹೊರಗಿನ ಅಳತೆ ಅರ್ಧ ಇಂಚು ಅಲ್ಲ, ಸುಮಾರು 21 ಮಿಲಿಮೀಟರ್. ಕ್ಲಾಂಪ್ ಕೊಳ್ಳುವಾಗ ಪೈಪ್ ತುಂಡು ಜೊತೆಗೆ ಒಯ್ಯಿರಿ. ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಳದಿ ಅಂದರೆ ತೆಳು, ನೀಲಿ ಅಂದರೆ ಮಧ್ಯಮ, ಕೆಂಪು ಅಂದರೆ ದಪ್ಪ. ಇಲ್ಲಿ ನೀಲಿ ಸಾಕು. ಹಳದಿ ಪೈಪಿಗೆ ಥ್ರೆಡ್ ಹಾಕಿದರೆ ಆ ಜಾಗದಲ್ಲಿ ಉಳಿಯುವ ದಪ್ಪ ತೀರಾ ಕಡಿಮೆ.

ಖರ್ಚು ಉಳಿಸುವುದು ಎಲ್ಲಿ? ಈ ಶೆಲ್ಫ್‌ಗೆ ಬೇಕಾದ ಪೈಪ್ ಒಟ್ಟು 1.4 ಮೀಟರ್ ಮಾತ್ರ. ಅಂಗಡಿಯ ಪೂರ್ತಿ ಪೈಪ್ 6 ಮೀಟರ್ ಇರುತ್ತದೆ. ಪೂರ್ತಿ ಕೊಳ್ಳಬೇಡಿ, ಉಳಿದ ತುಂಡು ಕೇಳಿ, ಅಲ್ಲೇ ಕತ್ತರಿಸಿ ಥ್ರೆಡ್ ಹಾಕಿಸಿ. ಅಂದಕ್ಕೆಂದು ಟೀ, ಯೂನಿಯನ್ ಎಂದು ಸೇರಿಸುತ್ತಾ ಹೋದರೆ ಬಿಲ್ ಏರುತ್ತದೆ. ಡ್ರಿಲ್ ಇಲ್ಲದಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಉಳಿತಾಯ ಮಾಡಬಾರದ ಜಾಗ ಒಂದೇ, ಪ್ಲಗ್ ಮತ್ತು ಸ್ಕ್ರೂ.

ಪಿವಿಸಿ ಪೈಪ್ ಇನ್ನೂ ಅಗ್ಗ ಅಲ್ಲವೇ? ಅಗ್ಗ, ತುಕ್ಕೂ ಇಲ್ಲ. ಆದರೆ ಉಕ್ಕು ಪಿವಿಸಿಗಿಂತ 60 ಪಟ್ಟಿಗೂ ಹೆಚ್ಚು ಬಿಗಿ. ಪಿವಿಸಿ ಮೇಲೆ ಸದಾ ಭಾರ ಇದ್ದರೆ ಅದು ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಸೋಪು, ಬ್ರಷ್ ಇಡಲು ಸರಿ, ಲೀಟರ್ ಬಾಟಲಿಗಳಿಗೆ ಬೇಡ.

ಡ್ರಿಲ್ ಹಿಡಿಯುವ ಮುನ್ನ: ಇದನ್ನು ಮಾತ್ರ ಬಿಡಬೇಡಿ

ಬಚ್ಚಲಿನ ಗೋಡೆಯೊಳಗೆ ಎರಡು ಸಂಗತಿ ಅಡಗಿರುತ್ತವೆ, ಕರೆಂಟಿನ ವೈರು ಮತ್ತು ನೀರಿನ ಪೈಪು. ಗೀಸರ್ ವೈರಿಗೆ ಡ್ರಿಲ್ ತಗುಲಿದರೆ ಅಲ್ಲೇ ಶಾಕ್ ಹೊಡೆಯಬಹುದು. ಅದಕ್ಕಿಂತ ಅಪಾಯ ಇನ್ನೊಂದಿದೆ. ಸ್ಕ್ರೂ ವೈರನ್ನು ಸವರಿಕೊಂಡು ಕೂತರೆ ಲೋಹದ ಇಡೀ ಶೆಲ್ಫಿಗೇ ಕರೆಂಟ್ ಬರಬಹುದು. ಆಮೇಲೆ ಒದ್ದೆ ಕೈಯಲ್ಲಿ ಅದನ್ನು ಮುಟ್ಟುವವರು ಮನೆಯವರೇ.

ಹಾಗಾಗಿ:

1. ಗೀಸರ್, ಸ್ವಿಚ್, ಲೈಟ್ ಪಾಯಿಂಟ್, ಎಕ್ಸಾಸ್ಟ್ ಫ್ಯಾನ್, ನಲ್ಲಿ, ಶವರ್ ಇವುಗಳಿಂದ ನೇರ ಮೇಲೆ, ನೇರ ಕೆಳಗೆ, ನೇರ ಅಕ್ಕಪಕ್ಕದ ಗೆರೆಯಲ್ಲಿ ತೂತು ಬೇಡ. ಆ ಗೆರೆಯ ಎರಡೂ ಕಡೆ ಕನಿಷ್ಠ 15 ಸೆಂಟಿಮೀಟರ್ ಬಿಡಿ.
2. ಮನೆ ಕಟ್ಟಿಸುವಾಗ ತೆಗೆದ ಫೋಟೋ ಇದ್ದರೆ ನೋಡಿ. ಇಲ್ಲದಿದ್ದರೆ ಆ ಮನೆಯ ಕೆಲಸ ಮಾಡಿದ ಎಲೆಕ್ಟ್ರಿಷಿಯನ್, ಪ್ಲಂಬರ್ ಅವರನ್ನು ಕೇಳಿ. ಗೋಡೆಯ ಹಿಂಬದಿಯ ಕೋಣೆಯಲ್ಲಿ ಏನಿದೆ ಎಂದೂ ನೋಡಿ.
3. ಸಂದೇಹ ಇದ್ದರೆ ಆ ಗೋಡೆ ಬಿಟ್ಟುಬಿಡಿ.
4. ಬಚ್ಚಲಿನ ಮತ್ತು ಗೀಸರಿನ ಎಂಸಿಬಿ ಆಫ್ ಮಾಡಿ. ನೆಲ ಪೂರ್ತಿ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಬ್ಯಾಟರಿ ಡ್ರಿಲ್ ಸಿಕ್ಕರೆ ಇನ್ನೂ ಒಳ್ಳೆಯದು.
5. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿ. ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವುದು ಅದೇ. ಇಲ್ಲದಿದ್ದರೆ ಶೆಲ್ಫ್‌ಗಿಂತ ಮೊದಲು ಅದನ್ನು ಹಾಕಿಸಿ.

ಟೈಲ್ಸ್ ಒಡೆಯದೆ ತೂತು ಮಾಡುವುದು ಹೇಗೆ?

ಗುರುತು ಮಾಡಿದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಿಟ್ ಜಾರುವುದಿಲ್ಲ. ಟೈಲ್ಸ್‌ಗೆಂದೇ ಸಿಗುವ ಬಿಟ್ ಬಳಸಿ. ವಿಟ್ರಿಫೈಡ್ ಟೈಲ್ಸ್ ಆದರೆ ಡೈಮಂಡ್ ಬಿಟ್ ಬೇಕು. ಬಿಟ್ ಟೈಲನ್ನು ದಾಟುವವರೆಗೆ ಹ್ಯಾಮರ್ ಮೋಡ್ ಆಫ್ ಇರಲಿ, ನಿಧಾನಕ್ಕೆ ತಿರುಗಲಿ. ಬಿಸಿಯಾಗದ ಹಾಗೆ ಆಗಾಗ ಡ್ರಿಲ್ ನಿಲ್ಲಿಸಿ, ಬಿಟ್ ತೆಗೆದು ನೀರಿನಲ್ಲಿ ಅದ್ದಿ. ಯಂತ್ರಕ್ಕೆ ನೀರು ತಾಗಬಾರದು. ಟೈಲಿನ ಅಂಚಿಗೆ ತೀರಾ ಹತ್ತಿರ ಬೇಡ, ಒಂದು ಇಂಚಾದರೂ ಬಿಡಿ.

"ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ತೂತು ಮಾಡಿದರೆ ಸೇಫ್" ಎಂಬ ಮಾತೂ ಓಡಾಡುತ್ತದೆ. ಸಂದಿ ಎರಡು ಮೂರು ಮಿಲಿಮೀಟರ್, ಪ್ಲಗ್ 8 ಮಿಲಿಮೀಟರ್. ಎರಡೂ ಟೈಲ್‌ಗಳ ಅಂಚು ಚಕ್ಕೆ ಏಳುತ್ತದೆ, ಅಷ್ಟೆ.

ಸ್ಕ್ರೂ ಯಾಕೆ ಅಷ್ಟು ಉದ್ದ? ಟೈಲ್ ಸುಮಾರು 8 ಮಿಲಿಮೀಟರ್, ಅದರ ಹಿಂದಿನ ಗಾರೆ ಮತ್ತು ಪ್ಲಾಸ್ಟರ್ ಸುಮಾರು 20 ಮಿಲಿಮೀಟರ್. ಒಂದು ಇಂಚಿನ ಸ್ಕ್ರೂ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಅದು ಟೈಲನ್ನು ಹಿಡಿದಿರುತ್ತದೆ, ಗೋಡೆಯನ್ನಲ್ಲ. ಟೊಳ್ಳು ಬ್ಲಾಕ್ ಅಥವಾ ಹಗುರವಾದ ಎಎಸಿ ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಬೇರೆ ಪ್ಲಗ್ ಸಿಗುತ್ತದೆ, ಕೇಳಿ ಕೊಳ್ಳಿ. ಡ್ರಿಲ್ ಮಾಡುವಾಗ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಬಂದರೆ ಕಾಂಕ್ರೀಟ್, ಬೆಳ್ಳಗೆ ಮೆತ್ತಗೆ ಬಂದರೆ ಎಎಸಿ ಇರಬಹುದು.

ಪ್ಲಗ್ ಹಾಕುವ ಮುನ್ನ ತೂತಿನ ಧೂಳು ತೆಗೆದು ಒಂದು ಹನಿ ಸಿಲಿಕೋನ್ ಬಿಡಿ. ಟೈಲ್ಸ್ ಹಿಂದೆ ನೀರು ಇಳಿಯುವುದು ನಿಲ್ಲುತ್ತದೆ.

ಜೋಡಿಸುವ ಕ್ರಮ

ಮೊದಲು ನೆಲದ ಮೇಲೆ ಜೋಡಿಸಿ ನೋಡಿ. 16 ಇಂಚಿನ ಪೈಪಿನ ಎರಡು ತುದಿಗೆ ಎಲ್ಬೋ, ಎಲ್ಬೋಗೆ ನಿಪ್ಪಲ್, ನಿಪ್ಪಲ್ ತುದಿಗೆ ಫ್ಲೇಂಜ್. ಎರಡೂ ಫ್ಲೇಂಜ್ ಒಂದೇ ಸಮತಲದಲ್ಲಿ ಗೋಡೆಗೆ ಕೂರುವಂತೆ ತಿರುಗಿಸಿ ಸರಿಮಾಡಿ. ಇಂಥವು ಎರಡು. ಗೋಡೆಯ ಮೇಲೆ ಎರಡರ ನಡುವೆ 40 ಸೆಂಟಿಮೀಟರ್ ಬಿಟ್ಟು, ಮಟ್ಟ ನೋಡಿ ಗುರುತು ಹಾಕಿ.

ಫ್ಲೇಂಜ್ ಬಿಗಿದ ಮೇಲೆ ಅದರ ಮೇಲ್ಬದಿ ಮತ್ತು ಅಕ್ಕಪಕ್ಕಕ್ಕೆ ಸಿಲಿಕೋನ್ ಎಳೆಯಿರಿ. ಕೆಳಗೆ ಬಿಡಿ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಬೇಕು.

ಹಲಗೆಯನ್ನು ಪೈಪಿನ ಮೇಲಿಟ್ಟು ಕೆಳಗಿನಿಂದ ಕ್ಲಾಂಪ್ ಹಾಕಿ. ಹಲಗೆ ಮತ್ತು ಗೋಡೆಯ ನಡುವೆ ಒಂದು ಸೆಂಟಿಮೀಟರ್ ಜಾಗ ಇರಲೇಬೇಕು. ಗಾಳಿ ಆಡುತ್ತದೆ, ನೀರು ಇಳಿಯುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿದರೂ ತೊಂದರೆ ಇಲ್ಲ. ಹಲಗೆ ಒಂದೆರಡು ಮಿಲಿಮೀಟರ್ ಮುಂದಕ್ಕೆ ವಾಲಿರಲಿ. ಸಜ್ಜಾದ ಕೆಳಗೆ ಮೇಸ್ತ್ರಿ ಬಿಡುವ ಗೀರಿನ ಹಾಗೆ, ಹಲಗೆಯ ತಳದಲ್ಲಿ ಮುಂದಿನ ಅಂಚಿನ ಹತ್ತಿರ ಉದ್ದಕ್ಕೂ ಒಂದು ಸಣ್ಣ ಗೀರು ಮಾಡಿಸಿ, ಅದಕ್ಕೂ ವಾರ್ನಿಷ್ ಹಚ್ಚಿದರೆ ನೀರು ತಳಕ್ಕೆ ಹರಡದೆ ಅಲ್ಲೇ ಹನಿಯುತ್ತದೆ.

ಶವರ್ ನೀರು ನೇರ ಬೀಳುವ ಜಾಗ ಬಿಟ್ಟು ಒಣ ಮೂಲೆ ಆರಿಸಿ. ಕಿಟಕಿ, ವೆಂಟಿಲೇಟರ್ ಮುಚ್ಚುವಂತೆ ಎಂದೂ ಹಾಕಬೇಡಿ. ಗ್ಯಾಸ್ ಗೀಸರ್ ಇರುವ ಮನೆಯಲ್ಲಂತೂ ಇದು ಪ್ರಾಣದ ಪ್ರಶ್ನೆ. ಗಾಳಿ ಸಾಲದಿದ್ದರೆ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೇ ಇರಬೇಕು.

ವೆಲ್ಡಿಂಗ್ ಮಾಡಿಸಬಹುದೇ?

"ಎಲ್ಬೋ ಯಾಕೆ, ವೆಲ್ಡಿಂಗ್ ಮಾಡಿಸಿ" ಎಂಬ ಸಲಹೆಯೂ ಬರುತ್ತದೆ. ಜಿಐ ಪೈಪನ್ನು ವೆಲ್ಡ್ ಮಾಡಿದರೆ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರಬಹುದು. ಇದಕ್ಕೆ ಮೆಟಲ್ ಫ್ಯೂಮ್ ಫೀವರ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ವೈದ್ಯರ ಬಳಿ ಹೋಗಬೇಕು.

"ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡಲ್ಲ" ಎಂಬುದು ನಿಜವಲ್ಲ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಬೇಕಾದದ್ದು ಗಾಳಿ ಮತ್ತು ಸರಿಯಾದ ಮಾಸ್ಕ್. ಅಷ್ಟೇ ಅಲ್ಲ, ಸತು ಸುಟ್ಟುಹೋದ ಆ ಜಾಗದಲ್ಲೇ ಮೊದಲು ತುಕ್ಕು ಬರುತ್ತದೆ.

ಹಾಕಿದ ಮೇಲೆ ಕಾಪಾಡಿಕೊಳ್ಳುವುದು

ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಸತುವನ್ನು ಕರಗಿಸುತ್ತದೆ, ಸ್ಟೇನ್‌ಲೆಸ್ ಸ್ಟೀಲಿಗೂ ಆಗದು. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲೆಂದು ಪೈಪಿಗೆ ಆಸಿಡ್ ಹಾಕಬೇಡಿ. ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ.

ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಬಾಟಲಿಗಳನ್ನು ಒಂದೇ ಹಲಗೆಯಲ್ಲಿ ಇಡಬೇಡಿ. ಎರಡೂ ಸೋರಿ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಅಪಾಯ. ಇವು ಮಕ್ಕಳ ಕೈಗೆ ಸಿಗದ ಜಾಗದಲ್ಲಿ, ಬೇರೆ ಬೇರೆಯಾಗಿ ಇರಲಿ. ಹೇರ್ ಡ್ರೈಯರ್, ಟ್ರಿಮ್ಮರ್ ಚಾರ್ಜರ್ ಈ ಲೋಹದ ಶೆಲ್ಫ್ ಮೇಲೆ ಬೇಡ.

ಆರು ತಿಂಗಳಿಗೊಮ್ಮೆ ಶೆಲ್ಫ್ ಖಾಲಿ ಮಾಡಿ ಕೈಯಿಂದ ಅಲುಗಿಸಿ ನೋಡಿ. ಫ್ಲೇಂಜಿನ ಮೇಲಂಚು ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟಿದ್ದರೂ ಸ್ಕ್ರೂ ಸಡಿಲವಾಗಿದೆ ಎಂದರ್ಥ. ಹಲಗೆಯ ತುದಿ ಕಪ್ಪಾಗಿದ್ದರೆ ಅಲ್ಲಿ ವಾರ್ನಿಷ್ ಹೋಗಿದೆ. ಉಜ್ಜಿ, ಒಣಗಿಸಿ, ಮತ್ತೆ ಹಚ್ಚಿ.

ಬಾಡಿಗೆ ಮನೆಯವರು ಏನು ಮಾಡಬೇಕು?

ಮಾಲೀಕರು ತೂತು ಮಾಡಲು ಬಿಡದಿದ್ದರೆ ನೆಲದ ಮೇಲೆ ನಿಲ್ಲುವ ಪೈಪ್ ಚೌಕಟ್ಟು ಮಾಡಬಹುದು. ಎತ್ತರ ಸೊಂಟದವರೆಗೆ ಸಾಕು, ಬುಡ ಅಗಲವಾಗಿರಲಿ, ಭಾರದ ವಸ್ತು ಕೆಳ ಹಲಗೆಯಲ್ಲಿರಲಿ. ಪೈಪಿನ ಕಾಲಿಗೆ ರಬ್ಬರ್ ಬುಶ್ ಹಾಕಿ, ಮೂಲೆಗೆ ಸೇರಿಸಿ ನಿಲ್ಲಿಸಿ. ಅಂಟಿನ ಟೇಪ್, ಸಕ್ಷನ್ ಕಪ್ ಮೇಲೆ ನೇತಾಡುವ ಶೆಲ್ಫ್‌ಗಳು ಸೋಪು, ಬ್ರಷ್‌ನಂಥ ಹಗುರ ವಸ್ತುಗಳಿಗೆ ಮಾತ್ರ. ಕಬ್ಬಿಣದ ಪೈಪು, ಮರದ ಹಲಗೆಯ ಭಾರ ಹೊರಲು ಅವು ಸಾಲವು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

- ಶೆಲ್ಫ್ ಆಳ 15 ಸೆಂಟಿಮೀಟರ್ ಸಾಕು. ಮೇಲೆ ಕೆಳಗೆ ಎರಡು ಕಡೆ ಗೋಡೆ ಹಿಡಿಯಲಿ.
- ಸ್ಕ್ರೂ ಟೈಲನ್ನಲ್ಲ, ಇಟ್ಟಿಗೆಯನ್ನು ಹಿಡಿಯಬೇಕು.
- ಗೀಸರ್, ಸ್ವಿಚ್, ನಲ್ಲಿಯ ನೇರದಲ್ಲಿ ತೂತು ಬೇಡ. ಎಂಸಿಬಿ ಆಫ್ ಮಾಡಿ.
- ಥ್ರೆಡ್‌ಗೆ ಜಿಂಕ್ ಪೇಂಟ್, ಹಲಗೆಯ ತುದಿಗೆ ಹೆಚ್ಚು ವಾರ್ನಿಷ್, ಗೋಡೆಯಿಂದ ಒಂದು ಸೆಂಟಿಮೀಟರ್ ಜಾಗ.
- ವೆಂಟಿಲೇಟರ್ ಮುಚ್ಚಬೇಡಿ.

ಹತ್ತು ನಿಮಿಷದಲ್ಲಿ ಇದು ಆಗುವುದಿಲ್ಲ. ವಾರ್ನಿಷ್ ಒಣಗುವುದಕ್ಕೇ ಎರಡು ಮೂರು ದಿನ ಬೇಕು. ಆದರೆ ಒಂದು ಶನಿವಾರ, ಭಾನುವಾರ ಹಲಗೆ ತಯಾರು ಮಾಡಿಟ್ಟು, ಮುಂದಿನ ಭಾನುವಾರ ಗೋಡೆಗೆ ಹಾಕಿದರೆ ಕೆಲಸ ಮುಗಿಯುತ್ತದೆ. ನಿಮ್ಮ ಗುಂಪಿಗೆ ಆ ವಿಡಿಯೋ ಮತ್ತೆ ಬಂದರೆ, ಅದರ ಕೆಳಗೆ ಈ ಲೇಖನವನ್ನೂ ಹಾಕಿ. ಡ್ರಿಲ್ ಹಿಡಿಯಲು ಹೊರಟವರು ಮೊದಲು ಎಂಸಿಬಿ ಆಫ್ ಮಾಡಲಿ.